ನಾನು ಹಚ್ಚಿದ ಕುಂಕುಮ

ಹೆಡ್ ಮಾಸ್ತರರು ತರಗತಿಯ ಬಾಗಿಲಿಗೆ ಬಂದು ನಿಂತಾಗ, ಹಿತ್ತಾಳೆ ತಂಬಿಗೆಯ ನೆರಳು ಹೇಗೆ ಬೀಳುತ್ತದೆ ಎಂಬುದನ್ನು ನಾನು ಕಪ್ಪುಹಲಗೆಯ ಮೇಲೆ ತೋರಿಸುತ್ತಿದ್ದೆ. ಅವರ ಹಿಂದೆ ಒಬ್ಬ ಹವಾಲ್ದಾರರು ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಕುಂದಗೋಳ ತಾಲೂಕಿನ ಹೈಸ್ಕೂಲೊಂದರಲ್ಲಿ ನಾನು ಡ್ರಾಯಿಂಗ್ ಟೀಚರ್. ನನಗೂ ಪೊಲೀಸರಿಗೂ ಅಲ್ಲಿಯವರೆಗೆ ಇದ್ದ ಸಂಬಂಧವೆಂದರೆ ಠಾಣೆಯ ಗೋಡೆಯ ಮೇಲೆ ತೆಗೆದುಕೊಟ್ಟ ಹೆಲ್ಮೆಟ್ಟಿನ ಚಿತ್ರ ಒಂದೇ.

"ಅಕ್ಕೋರ, ಸ್ವಲ್ಪ ಹೊರಗ ಬರ್ರಿ," ಅಂದರು ಹವಾಲ್ದಾರರು. ಮಕ್ಕಳಿಗೆ ಕೇಳಬಾರದೆಂದು ಬೇವಿನ ಗಿಡದ ತನಕ ನಡೆದು ನಿಂತರು. "ಸಂಶಿ ಹಂತ್ಯಾಕ ಒಂದ್ ಹೊಲದಾಗ, ಕೃಷಿಹೊಂಡದಾಗ ಒಬ್ಬಾಕಿ ಹೆಣ್ಮಗಳು ಸಿಕ್ಕಾಳ್ರಿ. ಎರಡು ದಿನ ನೀರಾಗ ಇದ್ದಾಳ. ಫೋಟೋ ತಗದೀವಿ, ಆದ್ರ ಅದನ್ನ ಮಂದಿಗೆ ತೋರ್ಸಾಕ ಬರಂಗಿಲ್ಲ. ಹಡದಾಕಿ ನೋಡಿದ್ರೂ ಗುರ್ತ ಹಿಡಿಯಂಗಿಲ್ಲ. ನೀವು ಮುಖ ನೋಡಿ, ಬದುಕಿದ್ದಾಗ ಹೆಂಗ ಇದ್ದಳು ಅನ್ನೂದನ್ನ ತಗದು ಕೊಡ್ರಿ."

"ನನಗ ಅದೆಲ್ಲಾ ಬರೂದಿಲ್ರಿ," ಅಂದೆ. "ಧಾರವಾಡದಾಗ ಇದ ಕೆಲಸ ಮಾಡಾವ್ರು ಇರ್ತಾರಲ್ರಿ."

"ಇದ್ದಾರ್ರಿ. ಅವ್ರು ಬರೂದರಾಗ ನಾಕ ದಿನ. ಮುಖ ಅಲ್ಲಿತನಕ ಉಳಿಯಂಗಿಲ್ಲ."

ಹೆಡ್ ಮಾಸ್ತರರು ನನ್ನ ಮುಖ ನೋಡಿದರು. ನಿರ್ಧಾರ ನನಗೇ ಬಿಟ್ಟರು. ನಾನು ಒಳಗೆ ಹೋಗಿ ಪೆನ್ಸಿಲ್ ಪೆಟ್ಟಿಗೆ, ರಬ್ಬರು, ಮೂರು ದಪ್ಪ ಹಾಳೆ, ಅವನ್ನು ಸಿಕ್ಕಿಸುವ ಹಲಗೆ ತೆಗೆದುಕೊಂಡೆ. ಯಾಕೋ ಏನೋ, ಹೊಲಿಗೆ ಮೇಡಂ ಅವರ ಮೇಜಿನ ಮೇಲಿದ್ದ ದಾರದ ಉಂಡೆಯನ್ನೂ ತೆಗೆದುಕೊಂಡೆ.

ಆಸ್ಪತ್ರೆಯ ಹಿಂದಿನ ಕೋಣೆಯ ಹೊರಗೆ ಡಾಕ್ಟರು ಕಾಯುತ್ತಿದ್ದರು. ನನಗಿಂತ ಹದಿನೈದು ವರ್ಷ ಚಿಕ್ಕವರಾದ ಹೆಣ್ಣುಮಗಳು. ಶವಪರೀಕ್ಷೆ ಮುಗಿಸಿದ್ದರು. ಮೈಮೇಲೆ ಗಾಯವಿಲ್ಲ, ಯಾರೂ ಏನೂ ಮಾಡಿಲ್ಲ, ನೀರು ಕುಡಿದು ಸತ್ತಿದ್ದಾಳೆ ಎಂದು ಹೇಳಿದರು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ. ಕಾಲು ಜಾರಿ ಒಳಗೆ ಬಿದ್ದವರಿಗೆ ಹಿಡಿದುಕೊಳ್ಳಲು ಒಂದು ಹುಲ್ಲುಕಡ್ಡಿಯೂ ಸಿಗುವುದಿಲ್ಲ. ಹವಾಲ್ದಾರರು ಹೊಂಡದ ದಂಡೆಯ ಮೇಲೆ ಒಂದು ಚಪ್ಪಲಿ ಸಿಕ್ಕಿತ್ತೆಂದು ಹೇಳಿದರು. ಕಾಲು ತೊಳೆಯಲೋ ನೀರು ಕುಡಿಯಲೋ ಇಳಿದಿರಬೇಕು.

"ಹೆದರಿಕಿ ಆದ್ರ ಹೊರಗ ಬಂದುಬಿಡ್ರಿ, ಮತ್ತ ಹೋಗೂಣು," ಅಂದರು ಡಾಕ್ಟರು. "ಯಾರೂ ಏನೂ ಅನ್ನೂದಿಲ್ಲ."

ಎರಡು ಸಲ ಹೊರಗೆ ಬಂದೆ. ಮೂರನೆಯ ಸಲ ಒಳಗೆ ಹೋದಾಗ ಕೈ ಕೆಲಸ ಹಿಡಿಯಿತು.

ಆ ಮುಖವನ್ನು ಇಲ್ಲಿ ವರ್ಣಿಸುವುದಿಲ್ಲ. ಅದು ಆಕೆಯ ಮುಖವಾಗಿರಲಿಲ್ಲ, ನೀರು ಮಾಡಿದ ಮುಖವಾಗಿತ್ತು. ನಾನು ತೆಗೆಯಬೇಕಾದದ್ದು ಅದರ ಕೆಳಗಿದ್ದದ್ದನ್ನು. ಡಾಕ್ಟರು ಹಾದಿ ತೋರಿಸಿದರು. "ರೆಪ್ಪಿ, ತುಟಿ, ಗಲ್ಲ ಬಾತಾವು. ಅವನ್ನ ನಂಬಬ್ಯಾಡ್ರಿ. ಎಲುಬು ಬಾಯೂದಿಲ್ಲ. ಕಿವಿ ಜಾಗಾ ಬಿಟ್ಟು ಸರಿಯೂದಿಲ್ಲ. ಅಲ್ಲಿಂದ ಶುರು ಮಾಡ್ರಿ."

ದಾರ ಕೆಲಸಕ್ಕೆ ಬಂತು. ಹಣೆಯ ಕೂದಲಂಚಿನಿಂದ ಹುಬ್ಬಿನ ಎಲುಬಿನ ತನಕ ಒಂದು ಅಳತೆ, ಅಲ್ಲಿಂದ ಮೂಗಿನ ಬುಡಕ್ಕೆ ಒಂದು, ಬುಡದಿಂದ ಗದ್ದಕ್ಕೆ ಒಂದು. ಕಣ್ಣಿನ ಒಳಮೂಲೆಗಳ ನಡುವಿನ ಅಂತರ. ಕೆನ್ನೆಯ ಎಲುಬುಗಳ ಅಗಲ. ಒಂದೊಂದು ಅಳತೆಗೂ ದಾರ ಕತ್ತರಿಸಿ ಹಾಳೆಯ ಅಂಚಿಗೆ ಅಂಟಿಸಿ, ಪಕ್ಕದಲ್ಲಿ ಏನೆಂದು ಬರೆದೆ. ಮೊದಲನೆಯ ಹಾಳೆಯ ಮೇಲೆ ಮುಖವೇ ಇರಲಿಲ್ಲ; ಗೆರೆ, ದಾರ, ಟಿಪ್ಪಣಿ ಅಷ್ಟೇ. ಹಣೆ ಅಗಲ. ಹುಬ್ಬು ತೆಳುವು, ಬಲಹುಬ್ಬಿನ ಬಾಲ ಮೊಂಡು. ಎಡಕಿವಿಯ ಹಾಲೆ ಹರಿದು ಕೂಡಿಕೊಂಡಿದೆ. ಮೂಗು ಚುಚ್ಚಿದ ತೂತು ಇದೆ, ಮೂಗುಬೊಟ್ಟಿಲ್ಲ. ವಯಸ್ಸು ನಲವತ್ತೈದರಿಂದ ಐವತ್ತು. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯ ಚರ್ಮ ಸುಲಿದು ಹೊಸ ಚರ್ಮ ಬಂದಿದೆ.

ಆಮೇಲೆ ಡಾಕ್ಟರು ಟಾರ್ಚು ಹಿಡಿದು ಹುಬ್ಬುಗಳ ನಡುವೆ ತೋರಿಸಿದರು. ಅಂಗಿಯ ಗುಂಡಿಯಷ್ಟು ಅಗಲದ ಒಂದು ಬಿಳಿ ಕಲೆ. ಮೇಲಿನ ಅಂಚು ದುಂಡಗೆ, ಕೆಳಗಿನ ಅಂಚು ಸ್ವಲ್ಪ ಹರಡಿಕೊಂಡಂತೆ ಇತ್ತು.

"ಹಣಿಗೆ ಹಚ್ಚೂ ಟಿಕಳಿ ಅಂಟು ಕೆಲವರಿಗೆ ಆಗಿ ಬರೂದಿಲ್ರಿ. ವರ್ಷಾನಗಟ್ಟಲೆ ಒಂದ ಜಾಗಾದಾಗ ಹಚ್ಚಿದ್ರ ಚರ್ಮದ ಬಣ್ಣಾನ ಹೋಗಿಬಿಡ್ತದ," ಅಂದರು. ನಂತರ ಕಾಲಿನ ಕಡೆ ಹೋಗಿ, ನೋಡಿ, ಬರೆದುಕೊಳ್ಳುತ್ತ ಹೇಳಿದರು: "ಕಾಲುಂಗುರ ಇಲ್ಲ. ಬೆರಳಿಗೆ ಅದರ ಗುರ್ತೂ ಇಲ್ಲ."

"ನೀರಾಗ ಉದುರಿರಬೇಕ್ರಿ," ಅಂದರು ಬಾಗಿಲಲ್ಲಿದ್ದ ಹವಾಲ್ದಾರರು.

"ಬಳಿನೂ ಇಲ್ಲ."

"ಒಡದಿರಬೇಕ್ರಿ. ತಾಳಿನೂ ಇಲ್ಲ, ಯಾರರ ಹರಕೊಂಡಿರಬೇಕು. ಮಂದಿ ಹೆಂಥಾದ್ದಿರ್ತತಿ ಹೇಳಾಕ ಬರಂಗಿಲ್ಲ."

ಡಾಕ್ಟರು ತಮ್ಮ ಹಾಳೆಯಲ್ಲಿ ಬರೆಯುವುದನ್ನು ಮುಂದುವರಿಸಿದರು. ನಾನೂ ಆ ಮಾತುಗಳನ್ನು ಕೇಳಿದೆ, ಬರೆದುಕೊಳ್ಳಲಿಲ್ಲ. ಚಿತ್ರದಲ್ಲಿ ಬರುವುದು ಕುತ್ತಿಗೆಯ ತನಕ, ಕಾಲುಬೆರಳಿಗೂ ನನಗೂ ಏನು ಸಂಬಂಧ ಎಂದು ಅಂದುಕೊಂಡೆ. ಕೆಲಸ ಮಾಡುವವರಿಗೆ ತಮ್ಮ ಕೆಲಸದ ಚೌಕಟ್ಟಿನ ಹೊರಗಿನದು ಕಾಣುವುದಿಲ್ಲ.

ಎರಡನೆಯ ಹಾಳೆಯಲ್ಲಿ ಮುಖ ಕಟ್ಟಿದೆ. ದಾರದ ಅಳತೆಗಳನ್ನು ಅರ್ಧಕ್ಕೆ ಇಳಿಸಿ, ನಡುವೆ ಒಂದು ಲಂಬ ಗೆರೆ ಎಳೆದು, ಎಲುಬುಗಳನ್ನು ಮೊದಲು ನಿಲ್ಲಿಸಿ, ಮಾಂಸವನ್ನು ಕಡಿಮೆ ಕಡಿಮೆ ಮಾಡುತ್ತ ಬಂದೆ. ಕಣ್ಣು ತೆರೆಯುವುದೇ ಕಠಿಣವಾಯಿತು. ಮುಚ್ಚಿದ ಕಣ್ಣನ್ನು ನೋಡಿ ತೆರೆದ ಕಣ್ಣು ತೆಗೆಯುವುದೆಂದರೆ ಊಹೆ. ರೆಪ್ಪೆಯ ಮಡಿಕೆ ಎಲ್ಲಿದ್ದಿರಬಹುದೆಂದು ಡಾಕ್ಟರು ಬೆರಳಿನಿಂದ ತೋರಿಸಿದರು. ಮೂರು ಸಲ ಅಳಿಸಿ ನಾಲ್ಕನೆಯ ಸಲ ತೆಗೆದ ಕಣ್ಣು ನನ್ನನ್ನು ನೋಡಿತು. ಹಾಗೆ ನೋಡಿದ್ದಕ್ಕೆ ಭಯವಾಗಲಿಲ್ಲ. ಯಾರ ಮನೆಯವಳವ್ವಾ ನೀನು ಎಂದು ಕೇಳಬೇಕೆನಿಸಿತು.

ಮರುದಿನ ಮುಂಜಾನೆ ಸ್ಟಾಫ್ ರೂಮಿನಲ್ಲಿ ಕೂತು ಮೂರನೆಯ ಹಾಳೆಗೆ ಚಿತ್ರವನ್ನು ಸ್ವಚ್ಛವಾಗಿ ಇಳಿಸಿದೆ. ತಲೆಯ ಮೇಲೆ ಸೆರಗು ಹಾಕಿದೆ. ಹಣೆಗೆ ತೆಳ್ಳಗೆ ನೆರಳು ಕೊಟ್ಟು ಬಿಳಿ ಕಲೆಯ ಜಾಗವನ್ನು ಖಾಲಿ ಬಿಟ್ಟೆ. ಹವಾಲ್ದಾರರ ಜೊತೆ ಹೋಗಿ ಝೆರಾಕ್ಸ್ ತೆಗೆಸಿದಾಗ ತೊಂದರೆ ಗೊತ್ತಾಯಿತು. ಪೆನ್ಸಿಲ್ಲಿನ ತೆಳು ನೆರಳನ್ನು ಯಂತ್ರ ಹಿಡಿಯಲಿಲ್ಲ. ಕೆಲವು ಪ್ರತಿಗಳಲ್ಲಿ ಹಣೆ ಪೂರ್ತಿ ಬೆಳ್ಳಗಾಗಿ ಕಲೆ ಮಾಯವಾಗಿತ್ತು. ಕಪ್ಪು ಹೆಚ್ಚಿಸಿದ ಪ್ರತಿಗಳಲ್ಲಿ ಹಣೆಯ ನಡುವೆ ತೂತು ಬಿದ್ದ ಹಾಗೆ ಕಾಣುತ್ತಿತ್ತು.

ಹವಾಲ್ದಾರರು ಪ್ರತಿಯನ್ನು ದೂರ ಹಿಡಿದು ನೋಡಿದರು. ಮೂವತ್ತು ವರ್ಷ ನೌಕರಿ ಮಾಡಿದ ಮನುಷ್ಯ, ಇಂಥ ಎಷ್ಟೋ ನೋಟೀಸುಗಳನ್ನು ಕೈಯಾರೆ ಅಂಟಿಸಿದವರು. ಅವರ ಧ್ವನಿಯಲ್ಲಿ ಇದ್ದದ್ದು ಕಾಳಜಿಯೇ.

"ಅಕ್ಕೋರ, ಇದು ಕುಂಕುಮ ಅಳಿಸಿದಂಗ ಕಾಣ್ತತಿ. ಬೋಳ ಹಣಿ ಚಿತ್ರ ಅಂದ್ರ ಅಂಗಡ್ಯಾವ್ರು ಗ್ವಾಡಿಗೆ ಹಚ್ಚಾಕ ಬಿಡಂಗಿಲ್ರಿ. ಹಚ್ಚಿದ್ರೂ ಮುಂಜಾನೆದ್ದು ನೋಡೂದು ಬ್ಯಾಡ ಅಂತ ಹರದು ಒಗಿತಾರ. ಹೆಂಗಾದ್ರೂ ಟಿಕಳಿ ಹಚ್ಚಾಕಿ ಅಂತ ಡಾಕ್ಟರಮ್ಮಾರ ಹೇಳ್ಯಾರಲ್ರಿ. ಒಂದ್ ಕುಂಕುಮ ಇಟ್ಟಬಿಡ್ರಿ. ಕೊಳ್ಳಾಗ ಎರಡೆಳಿ ಕರಿಮಣಿನೂ ಹಾಕ್ರಿ."

"ಕರಿಮಣಿ ನಾ ನೋಡಿಲ್ರಿ. ನೋಡದ್ದನ್ನ ಹಾಕಂಗಿಲ್ಲ," ಅಂದೆ.

"ಹಂಗಾದ್ರ ಕುಂಕುಮ ಅಷ್ಟರ ಇಡ್ರಿ."

ಅದಕ್ಕೆ ಒಪ್ಪಿದೆ. ಯಾಕೆ ಒಪ್ಪಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಯಂತ್ರದ ತೊಂದರೆ ನಿಜವಾಗಿತ್ತು. ಟಿಕಳಿ ಹಚ್ಚುತ್ತಿದ್ದಳು ಎಂಬುದಕ್ಕೆ ಗುರುತೂ ಇತ್ತು. ಆದರೆ ಅಷ್ಟೇ ಅಲ್ಲ. ಹೆಣ್ಣಿನ ಮುಖ ತೆಗೆದಾಗ ಕೊನೆಗೆ ಕುಂಕುಮ ಇಡುವುದು ಇಪ್ಪತ್ತು ವರ್ಷಗಳಿಂದ ನನ್ನ ಕೈಗೆ ಹತ್ತಿದ ರೂಢಿ. ಸರಸ್ವತಿ ಇರಲಿ, ರಾಣಿ ಇರಲಿ, ನೀರು ಹೊತ್ತ ಹೆಣ್ಣುಮಗಳಿರಲಿ, ಅದನ್ನಿಟ್ಟಾಗ ಚಿತ್ರ ಮುಗಿಯಿತು ಅನಿಸುತ್ತದೆ. ಮೆತ್ತನೆಯ ಪೆನ್ಸಿಲ್ಲಿನಿಂದ ಆ ಖಾಲಿ ಜಾಗವನ್ನು ದುಂಡಗೆ ತುಂಬಿದೆ. ಮುಖಕ್ಕೆ ಕಳೆ ಬಂತು. ಹವಾಲ್ದಾರರು, "ಈಗ ನೋಡ್ರಿ, ಮನೀ ಹೆಣ್ಮಗಳ ಕಂಡಂಗ ಕಂಡಳು," ಅಂದರು. ನನಗೂ ಸಮಾಧಾನವಾಯಿತು.

ಸಂಶಿ, ಕುಂದಗೋಳ, ಅಣ್ಣಿಗೇರಿ, ನವಲಗುಂದ, ಎಲ್ಲ ಬಸ್ ನಿಲ್ದಾಣಗಳಿಗೂ ನೋಟೀಸು ಹೋಯಿತು. ಫೋನುಗಳಲ್ಲೂ ಹರಿದಾಡಿತು. ನನ್ನ ತಂಗಿಯೇ ಕಲಘಟಗಿಯಿಂದ ಅದನ್ನು ನನಗೆ ಕಳಿಸಿದ್ದಳು, ನಾನೇ ತೆಗೆದದ್ದೆಂದು ಗೊತ್ತಿಲ್ಲದೆ. ಇಬ್ಬರು ಬಂದು ನೋಡಿದರು. ಒಬ್ಬ ಗಂಡಸು ಹೆಂಡತಿಯನ್ನು ಹುಡುಕುತ್ತಿದ್ದವನು, ಎತ್ತರ ಹೊಂದಲಿಲ್ಲ. ಇನ್ನೊಬ್ಬಳು ಅಕ್ಕನನ್ನು ಹುಡುಕುತ್ತಿದ್ದವಳು, ಸೀರೆ ನೋಡಿದ ಕೂಡಲೇ ಅಲ್ಲವೆಂದು ತಲೆಯಾಡಿಸಿ, ಅಲ್ಲವಾದದ್ದಕ್ಕೇ ಅತ್ತು ಹೋದಳಂತೆ.

ಐದನೆಯ ದಿನ ಹವಾಲ್ದಾರರು ಶಾಲೆಗೆ ಫೋನು ಮಾಡಿದರು. "ಇವತ್ತ ಮಣ್ಣ ಮಾಡಿ ಬಂದ್ವಿ ಅಕ್ಕೋರ. ಇನ್ನ ಇಡಾಕ ಬರ್ತಿರಲಿಲ್ಲ. ಒಂದ್ ಮಾಲಿ ಹಾಕಿ, ಊದಿನಕಡ್ಡಿ ಹಚ್ಚಿ ಬಂದೇನಿ. ಜಾಗಾಕ್ಕ ಕಲ್ಲ ನಿಲ್ಲಿಸೇವಿ, ನಂಬರ ಬರದೇವಿ."

ನಾನು ತರಗತಿಗೆ ಹೋದೆ. ಅಂದು ಏನು ಕಲಿಸಿದೆನೋ ನೆನಪಿಲ್ಲ.

ಅಲ್ಲಿಗೆ ಅದು ಮುಗಿದುಹೋಗಬಹುದಿತ್ತು. ಸುಮಾರು ಮೂರು ವಾರದ ಮೇಲೆ ಡಾಕ್ಟರು ಫೋನು ಮಾಡಿದರು. ರಜೆ ಮುಗಿಸಿ ಬಂದವರು ಆಸ್ಪತ್ರೆಯ ಹೊರರೋಗಿಗಳ ಕೋಣೆಯ ಗೋಡೆಗೆ ಹಚ್ಚಿದ ನೋಟೀಸನ್ನು ಅಂದೇ ಮೊದಲು ನೋಡಿದ್ದರು.

"ಅಕ್ಕೋರ, ನಾ ತೋರ್ಸಿದ್ದ ಕಲೆ ಎಲ್ಲೆ?"

"ಅದರ ಮ್ಯಾಲೆ ಕುಂಕುಮ ಹಚ್ಚೇನ್ರಿ. ಝೆರಾಕ್ಸಿನಾಗ ಕಾಣ್ತಿದ್ದಿಲ್ಲ."

ಡಾಕ್ಟರು ಬೈಯದೆ, ಪಾಠ ಹೇಳುವ ಹಾಗೆ ನಿಧಾನವಾಗಿ ಹೇಳಿದರು. "ಟಿಕಳಿ ಹಚ್ಚೂದು ಬಿಟ್ರೂ ಆ ಬಣ್ಣ ತಿರುಗಿ ಬರೂದಿಲ್ರಿ. ಹತ್ತು ವರ್ಷ ಆದ್ರೂ ಹಂಗ ಇರ್ತದ. ಕಾಲುಂಗುರದ ಗುರ್ತು ಇಲ್ಲ ಅಂದಿದ್ದೆ ನೋಡ್ರಿ. ದಿನಾ ಹಾಕ್ಕೊಳ್ಳಾಕಿ ಆಗಿದ್ರ ಬೆರಳು ಸಣ್ಣ ಆಗಿರತಿತ್ತು. ಆಕಿ ಬಿಟ್ಟು ಭಾಳ ವರ್ಷ ಆಗಿದ್ದವು. ಬಳಿ ಒಡದಿದ್ದಲ್ಲ, ತಾಳಿ ಹರದಿದ್ದಲ್ಲ. ಇರಲೇ ಇಲ್ಲ."

ನಾನು ಕೂತೆ. ಸ್ಟಾಫ್ ರೂಮಿನ ಕಪಾಟಿನಿಂದ ದಾರ ಅಂಟಿಸಿದ ಮೊದಲನೆಯ ಹಾಳೆ ತೆಗೆದು ನೋಡಿದೆ. ಹಣೆ ಅಗಲ, ಹುಬ್ಬು ತೆಳುವು, ಕಿವಿ ಹರಿದದ್ದು, ಎಲ್ಲ ಇತ್ತು. ಬಿಳಿ ಕಲೆಯ ಅಂಚನ್ನೂ ಗೆರೆಯಲ್ಲಿ ಗುರುತಿಸಿದ್ದೆ. ಗಂಡ ಸತ್ತ ಮೇಲೆ ಟಿಕಳಿ ತೆಗೆಸಿದ್ದಿರಬೇಕು. ಅದರ ಕೆಳಗಿದ್ದ ಬಿಳುಪನ್ನು ಆಕೆ ಅಷ್ಟೂ ವರ್ಷ ಎಲ್ಲರ ಮುಂದೆ ಹೊತ್ತು ತಿರುಗಿದ್ದಳು. ಸಾವಿರ ಹೆಂಗಸರ ನಡುವೆ ಆಕೆಯನ್ನು ಆಕೆಯೆಂದು ತೋರಿಸುತ್ತಿದ್ದ ಗುರುತು ಅದೊಂದೇ. ಅದರ ಮೇಲೆಯೇ ನಾನು ಬೆರಳಿಟ್ಟು ಮುಚ್ಚಿದ್ದೆ. ಆಕೆಯ ಮನೆಯವರು ಆ ನೋಟೀಸನ್ನು ನೋಡಿದ್ದರೂ ಮುಂದೆ ಹೋಗಿರುತ್ತಾರೆ. ನಾನು ಚಂದ ಮಾಡಿದ ಕಾರಣಕ್ಕೆ ಆಕೆ ಗುರುತಿಲ್ಲದವಳಾಗಿ ಮಣ್ಣಿಗೆ ಹೋದಳು.

ಸುಮ್ಮನಿರಬಹುದಿತ್ತು. ಇನ್ನು ಮುಖ ತೋರಿಸಲು ದೇಹವೂ ಇಲ್ಲ. ಎರಡು ದಿನ ಸುಮ್ಮನೆಯೇ ಇದ್ದೆ, ಅದನ್ನೂ ಹೇಳಬೇಕು. ಹೆಸರು ಕೆಡುತ್ತದೆ ಎಂಬ ಅಂಜಿಕೆಯೂ ಇತ್ತು. ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ಸೀದಾ ಠಾಣೆಗೆ ಹೋದೆ.

ಪಿಎಸ್‌ಐ ಸಾಹೇಬರು ಕುರ್ಚಿ ಹಾಕಿಸಿ ಕೂಡಿಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿ ಹಣೆ ತಿಕ್ಕಿಕೊಂಡರು. "ಅಕ್ಕೋರ, ಕೇಸು ಮುಗದೈತಿ. ಈಗ ಒಂದ ಹೆಣಕ್ಕ ಎರಡು ಚಿತ್ರ ಅಂದ್ರ ಮಂದಿ ಏನಂತಾರ? ಪೊಲೀಸರಿಗೆ ಮುಖಾನೂ ಗೊತ್ತಿಲ್ಲ ಅಂತಾರ."

"ಮುಖ ಗೊತ್ತಿತ್ರಿ ಸಾಹೇಬ್ರ. ನಾನ ಮುಚ್ಚೇನಿ."

"ಕುಂಕುಮ ಇದ್ರೇನು, ಬಿಟ್ರೇನು? ಮುಖ ಅದ ಅಲ್ಲೇನ್ರಿ?"

ಬಾಗಿಲ ಹತ್ತಿರ ನಿಂತಿದ್ದ ಹವಾಲ್ದಾರರು ಮುಂದೆ ಬಂದರು. "ಹಂಗಲ್ರಿ ಸಾಹೇಬ್ರ. ನಮ್ಮ ಕಡೆ ಕಳಕೊಂಡಾವ್ರು ಮೊದ್ಲ ಹಣಿ ನೋಡ್ತಾರ್ರಿ. ಹಣಿ ತಮ್ಮದಲ್ಲ ಅಂದ್ರ ಮುಖ ನೋಡಾಕ ನಿಂದ್ರಂಗಿಲ್ಲ. ತಪ್ಪು ಅಕ್ಕೋರದಲ್ಲ. ಇಡ್ರಿ ಅಂದಾವ ನಾನ."

"ನೀವು ಅಂದ್ರಿ, ಇಟ್ಟ ಕೈ ನಂದು," ಅಂದೆ.

ಸಾಹೇಬರು ಇಬ್ಬರನ್ನೂ ನೋಡಿ, ಕೊನೆಗೆ ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ಸರಿಸಿದರು. "ಬರದು ಕೊಡ್ರಿ ಹಂಗಾದ್ರ." ನಾನು ಬರೆದೆ: ಮೊದಲಿನ ಚಿತ್ರದಲ್ಲಿ ಹಣೆಯ ಮೇಲಿನ ಕುಂಕುಮವನ್ನು ನಾನು ನೋಡಿರಲಿಲ್ಲ, ಊಹೆಯಿಂದ ಸೇರಿಸಿದ್ದೇನೆ, ಆ ಜಾಗದಲ್ಲಿ ಇದ್ದದ್ದು ಬಿಳಿ ಕಲೆ, ಅದನ್ನು ಸರಿಪಡಿಸಿ ಹೊಸ ಚಿತ್ರ ಕೊಡಲು ಅನುಮತಿ ಬೇಕು. ಕೆಳಗೆ ಸಹಿ ಹಾಕಿದೆ. ನೌಕರಿಗೆ ಸೇರಿದ ಮೇಲೆ ನನ್ನ ತಪ್ಪನ್ನು ನಾನೇ ಬರೆದು ಸಹಿ ಮಾಡಿದ್ದು ಅದೇ ಮೊದಲು. ಬರೆದ ಮೇಲೆ ಹಗುರವಾಯಿತು ಎಂದೇನೂ ಇಲ್ಲ. ಕೆಲಸ ಮಾತ್ರ ಶುರುವಾಯಿತು.

ಈ ಸಲ ಪೆನ್ಸಿಲ್ ಬಿಟ್ಟೆ. ಝೆರಾಕ್ಸ್ ಯಂತ್ರಕ್ಕೆ ಕಪ್ಪು ಗೊತ್ತು, ಬಿಳಿ ಗೊತ್ತು, ನಡುವಿನದು ಗೊತ್ತಿಲ್ಲ. ಹಾಗಾಗಿ ಕಪ್ಪು ಶಾಯಿಯ ಸಣ್ಣ ಪೆನ್ನಿನಿಂದ ಚುಕ್ಕಿ ಇಡುತ್ತ ಹೋದೆ. ಚುಕ್ಕಿಗಳು ಒತ್ತಾದಲ್ಲಿ ನೆರಳು, ವಿರಳವಾದಲ್ಲಿ ಬೆಳಕು. ಹಣೆಯ ಕಂದು ಬಣ್ಣಕ್ಕೆ ನೂರಾರು ಚುಕ್ಕಿ. ಬಿಳಿ ಕಲೆಯ ಜಾಗದಲ್ಲಿ ಒಂದೂ ಇಲ್ಲ. ಮೊದಲ ಸಲ ತೆಗೆದಾಗ ಅದು ಬಿಳಿಯ ಟಿಕಳಿ ಹಚ್ಚಿದ ಹಾಗೆ ಕಂಡಿತು. ಅಂಚು ಬಹಳ ದುಂಡಗಾಗಿತ್ತು. ಮೊದಲನೆಯ ಹಾಳೆಯ ಟಿಪ್ಪಣಿ ನೋಡಿ ಮೇಲಿನ ಅಂಚನ್ನು ಹಾಗೇ ಇಟ್ಟು ಕೆಳಗಿನ ಅಂಚಿನಲ್ಲಿ ಚುಕ್ಕಿಗಳನ್ನು ಚದುರಿಸಿದೆ. ಎರಡನೆಯ ಸಲ ಗಾಯದ ಹಾಗೆ ಕಂಡಿತು. ಝೆರಾಕ್ಸ್ ಅಂಗಡಿಯಾತ ನನಗಾಗಿ ಯಂತ್ರದ ಕಪ್ಪನ್ನು ಏರಿಸಿ ಇಳಿಸಿ ನೋಡುತ್ತ, "ಟೀಚರ್ರ, ಇನ್ನೊಂದ್ ಸಲ ತರ್ರಿ, ಆಗ್ತತಿ," ಅನ್ನುತ್ತಿದ್ದ. ಐದನೆಯ ಹಾಳೆಗೆ ಅದು ಚರ್ಮದ ಮೇಲಿನ ಕಲೆಯಾಗಿ ಕಂಡಿತು.

ಇನ್ನೊಂದು ಬದಲಾವಣೆ ಮಾಡಿದೆ. ಸೆರಗಿನ ಅಂಚು ಹಿಡಿದ ಬಲಗೈಯನ್ನು ಚಿತ್ರದೊಳಗೆ ತಂದೆ. ಬರಿಗೈ, ಬಳೆಯಿಲ್ಲ. ಬೆರಳತುದಿಯ ಸುಲಿದ ಚರ್ಮವನ್ನೂ ತೆಗೆದೆ. ಮುಗಿದ ಮೇಲೆ ನೋಡಿದರೆ ಮೊದಲಿನ ಚಿತ್ರದಷ್ಟು ಚಂದ ಇರಲಿಲ್ಲ. ಕಳೆ ಇರಲಿಲ್ಲ. ಕೈ ಮತ್ತೆ ಮತ್ತೆ ಹಣೆಯ ಕಡೆ ಹೋಗುತ್ತಿತ್ತು. ಏನೋ ಬಾಕಿ ಉಳಿದಿದೆ ಅನಿಸುತ್ತಿತ್ತು. ಪೆನ್ನಿನ ಮುಚ್ಚಳ ಹಾಕಿ ಎದ್ದುಬಿಟ್ಟೆ.

ಹವಾಲ್ದಾರರು ತಾವೇ ಮೋಟರ್‌ಸೈಕಲ್ಲಿನ ಮೇಲೆ ಊರೂರು ತಿರುಗಿ ಹಳೆಯ ನೋಟೀಸು ಕಿತ್ತು ಹೊಸದನ್ನು ಹಚ್ಚಿದರು. ಅವರು ಹೇಳಿದ್ದು ಸುಳ್ಳಾಗಲಿಲ್ಲ. ಎರಡು ಕಡೆ ಅಂಗಡಿಯವರು ಗೋಡೆಗೆ ಹಚ್ಚಗೊಡಲಿಲ್ಲ, ಒಂದು ಕಡೆ ಸಂಜೆಯೊಳಗೆ ಹರಿದಿದ್ದರು. ಅಲ್ಲೆಲ್ಲ ಲೈಟಿನ ಕಂಬಕ್ಕೆ ಹಚ್ಚಿ ಬಂದರು.

ಎಂಟನೆಯ ದಿನ, ಎಲ್ಲ ಕಡೆ ಹಚ್ಚಿ ಮುಗಿಸಿದ ಮರುದಿನ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಅವರ ಫೋನು ಬಂತು. "ಅಕ್ಕೋರ, ಬರ್ರಿ. ಮಗಳು ಬಂದಾಳ."

ಠಾಣೆಯ ಬೆಂಚಿನ ಮೇಲೆ ಇಪ್ಪತ್ತೈದರೊಳಗಿನ ಹೆಣ್ಣುಮಗಳು ಕೂತಿದ್ದಳು. ಕುಂದಗೋಳದ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು, ದಿನಾ ಊರಿಂದ ಬಸ್ಸಿನಲ್ಲಿ ಬಂದುಹೋಗುವವಳು. ತೊಡೆಯ ಮೇಲೆ ಬುತ್ತಿಯ ಚೀಲ ಹಾಗೇ ಇತ್ತು. ಸೀರೆಯ ತುಂಡು, ಚಪ್ಪಲಿ, ಎಲ್ಲ ಆಗಲೇ ತೋರಿಸಿ ಆಗಿತ್ತು. ಅಳು ಬಂದು ನಿಂತಿದ್ದ ಹೊತ್ತು.

ತಾಯಿ ಹೆಂಗಸರ ಗುಂಪಿನ ಜೊತೆ ಬ್ಯಾಡಗಿ ಕಡೆಗೆ ಮೆಣಸಿನಕಾಯಿ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸಕ್ಕೆ ಹೋಗಿದ್ದಳಂತೆ. ಸುಗ್ಗಿ ಮುಗಿಯುವ ತನಕ ಅಲ್ಲೇ ಇರುವುದು. ಸ್ವಂತ ಫೋನಿಲ್ಲ. ಒಂದು ದಿನ, ಮಗಳನ್ನು ನೋಡಿ ಬರುತ್ತೇನೆಂದು ಗುಂಪಿನವರಿಗೆ ಹೇಳಿ ಹೊರಟಿದ್ದಾಳೆ. ಮಗಳಿಗೆ ಹೇಳಿಲ್ಲ. ಸಂಶಿಯಲ್ಲಿ ಇಳಿದು, ಬಿಸಿಲಿನಲ್ಲಿ ಹೊಲದ ಕಾಲುದಾರಿ ಹಿಡಿದಿದ್ದಾಳೆ. ಮನೆಗೆ ಹೋಗಿದ್ದಾಳೆಂದು ಗುಂಪಿನವರು, ಗುಂಪಿನಲ್ಲಿದ್ದಾಳೆಂದು ಮಗಳು. ಹಾಗಾಗಿ ಯಾರೂ ಆಕೆಯನ್ನು ಹುಡುಕಲಿಲ್ಲ.

ಸಾಹೇಬರ ಮೇಜಿನ ಮೇಲೆ ಎರಡೂ ಚಿತ್ರಗಳಿದ್ದವು. ಮಗಳು ಎರಡನೆಯದರ ಮೇಲೆ ಬೆರಳಿಟ್ಟಳು, ಸರಿಯಾಗಿ ಆ ಬಿಳಿ ಕಲೆಯ ಮೇಲೆ.

"ಊರಾಗ ನಮ್ಮವ್ವಗ ಬಿಳಿ ಬೊಟ್ಟಿನಾಕಿ ಅಂತಿದ್ರು," ಅಂದಳು. "ನಮ್ಮಪ್ಪ ಸತ್ತಾಗ ನಾ ಸಾಲಿಗೆ ಹೋಗ್ತಿದ್ದೆ. ಟಿಕಳಿ ತಗಸಿದ್ರು. ತಗದ ಮ್ಯಾಲೆ ಇದು ಕಾಣಿಸ್ತು. ಮೊದ್ಲ ಸೆರಗು ಮುಂದ ಎಳಕೊಂತಿದ್ದಳು. ಆಮ್ಯಾಲ ಬಿಟ್ಟಳು. ತಗದಾವ್ರು ತಗದ್ರು, ಇದನ್ನ ಹೆಂಗ ತಗಿತಾರ ಅಂತಿದ್ದಳು."

ಆಮೇಲೆ ಮೊದಲನೆಯ ಚಿತ್ರವನ್ನು ತನ್ನ ಕಡೆ ಎಳೆದುಕೊಂಡಳು. ಬಹಳ ಹೊತ್ತು ನೋಡಿದಳು.

"ದಿನಾ ನೋಡೇನ್ರಿ ಇದನ್ನ. ಬಸ್ಸಿಗೆ ನಿಂತಾಗ. ಯಾರೋ ಮುತ್ತೈದಿ, ಪಾಪ, ಅಂದೇನಿ. ಮಕ್ಕಳದಾವೋ ಇಲ್ಲೋ ಅಂದೇನಿ."

ನಾನು ಹೇಳಬೇಕಾಗಿತ್ತು, ಹೇಳಿದೆ. "ಆ ಕುಂಕುಮ ನಾ ಹಚ್ಚಿದ್ದವ್ವಾ. ಇದ್ದಿದ್ದಿಲ್ಲ. ಹಚ್ಚಿರಲಿಲ್ಲ ಅಂದ್ರ ನಿನಗ ಆವತ್ತ ಗೊತ್ತಾಗ್ತಿತ್ತು. ಮಣ್ಣಿಗೆ ನೀ ಇರ್ತಿದ್ದಿ."

ಆಕೆ ನನ್ನ ಮುಖ ನೋಡಿದಳು. ಸಿಟ್ಟು ಬರಲೆಂದು ಕಾದೆ. ಬರಲಿಲ್ಲ. ಕ್ಷಮಿಸಿದೆನೆಂದೂ ಆಕೆ ಅನ್ನಲಿಲ್ಲ, ನಾನೂ ಕೇಳಲಿಲ್ಲ. "ಜಾಗಾ ತೋರಿಸ್ರಿ," ಅಂದಳು ಹವಾಲ್ದಾರರಿಗೆ.

ಹೊರಡುವ ಮೊದಲು ಸಾಹೇಬರು ಹೆಸರು ಕೇಳಿ ಬರೆದುಕೊಂಡರು. ಫೈಲಿನ ಮೇಲೆ 'ಅಪರಿಚಿತ ಹೆಂಗಸು' ಎಂದಿದ್ದುದಕ್ಕೆ ಗೆರೆ ಎಳೆದು ಮೇಲೆ ಆ ಹೆಸರು ಬರೆದರು. ಅದು ಆಕೆಯ ಮನೆಯವರದು, ಇಲ್ಲಿ ಬರೆಯುವುದಿಲ್ಲ.

ಸ್ಮಶಾನ ಊರ ಹೊರಗೆ, ಎರೆಹೊಲಗಳ ಅಂಚಿನಲ್ಲಿದೆ. ಅಗೆದ ಕರಿಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಒಂದು ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದ ನಂಬರು. ಮಗಳು ಚಪ್ಪಲಿ ಬಿಟ್ಟು ಹತ್ತಿರ ಹೋಗಿ ನಿಂತಳು. ಹಾದಿಯಲ್ಲಿ ಕೊಂಡ ಒಂದು ಮೊಳ ಹೂವು, ವಿಭೂತಿಯ ಪೊಟ್ಟಣ ಕೈಯಲ್ಲಿತ್ತು. ಬಾಗುವ ಮೊದಲು ಹವಾಲ್ದಾರರ ಕಡೆ ತಿರುಗಿದಳು.

"ಕಾಕಾ, ನಮ್ಮಲ್ಲೆ ಕೂಡಿಸಿ ಮಣ್ಣ ಕೊಡ್ತಾರ್ರಿ. ನಮ್ಮಪ್ಪಗೂ ಹಂಗ ಕೊಟ್ಟಾರ. ಅವ್ವನ್ನ ಹೆಂಗ ಇಟ್ರಿ?"

ಯಾವ ಮನೆತನದವಳೆಂದು ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಹವಾಲ್ದಾರರು ನೆಲ ನೋಡುತ್ತ, "ಮಲಗಿಸಿ ಇಟ್ಟೇವಿ ತಂಗಿ," ಅಂದರು.

ಇದಕ್ಕೂ ನನ್ನ ಕೈಯೇ ಕಾರಣ.

ಮಗಳು ಮಣ್ಣಿನ ಗುಪ್ಪೆಯ ಉದ್ದವನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದಳು. ಕೂತು, ಬಿರುಕುಗಳಲ್ಲಿ ಬೆಳೆಯಲು ಹೊರಟಿದ್ದ ಕಸವನ್ನು ಒಂದೊಂದಾಗಿ ಕಿತ್ತಳು. ವಿಭೂತಿ ಉದುರಿಸಿದಳು. ಹೂವನ್ನು ಬಿಡಿಸಿ ಉದ್ದಕ್ಕೂ ಇಟ್ಟಳು. ಆಮೇಲೆ ಅಂಗೈಯಿಂದ ಆ ಮಣ್ಣನ್ನು, ಮಗುವಿಗೆ ಕೌದಿ ಹೊದಿಸಿ ಅಂಚು ಒತ್ತಿದ ಹಾಗೆ, ಮೆಲ್ಲಗೆ ಒತ್ತಿದಳು.

"ಇರ್ಲಿ ಬಿಡ್ರಿ ಕಾಕಾ," ಅಂದಳು. "ಇದ್ದಷ್ಟ ದಿನ ಬೆನ್ನ ನೆಲಕ್ಕ ಹಚ್ಚಿದಾಕಿ ಅಲ್ಲ. ಮಲಕ್ಕೊಳ್ಳಲಿ."